ಬಿಸಿಲ ನಾಡಿನ ಅಂಗಳದಲ್ಲಿ ಒಂಟಿ ಆನೆ

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಉಷ್ಣಾಂಶ 42, 43 ಡಿಗ್ರಿ ಮುಟ್ಟುವ ಈ ಭಾಗದಲ್ಲಿ ಮಧ್ಯಾಹ್ನದ ಹೊತ್ತು ಫ್ಯಾನಿನ ಕೆಳಗೆ ಕುಳಿತು ಕೆಲಸ ಮಾಡುವುದೂ ಕಷ್ಟ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡು ಹೊರಡಿಸುವ ಆದೇಶ ಅದು. ರೈತರಿಗೆ ಈ ಆದೇಶದ ಅಗತ್ಯ ಎಂದೂ ಬಿದ್ದಿಲ್ಲ. ಅವರು ಬಿಸಿಲೇರುವ ಮುನ್ನವೇ ಎತ್ತುಗಳ ಕೊಳ್ಳು ಹರಿದು ಬೇವಿನ ನೆರಳಿಗೆ ಕಟ್ಟುತ್ತಾರೆ. ಆದರೆ ಇದೇ ತಿಂಗಳುಗಳು ನಮ್ಮ ಕಡೆ ಜಾತ್ರೆ, ಪುರಪ್ರವೇಶ, ಅಡ್ಡಪಲ್ಲಕ್ಕಿ ಉತ್ಸವಗಳ ಕಾಲವೂ ಹೌದು. ಅಂಥ ಮೆರವಣಿಗೆಗೆ ಎಲ್ಲಿಂದಲೋ ಲಾರಿಯಲ್ಲಿ ತಂದು ಇಳಿಸಿದ ಆನೆಗೆ, ಅಥವಾ ವರ್ಷವಿಡೀ ಊರ ನಡುವೆ ಕಟ್ಟಿಕೊಂಡಿರುವ ಆನೆಗೆ, ಈ ಬಿಸಿಲು ಏನು ಮಾಡುತ್ತದೆ ಎಂದು ನಾವು ಕೇಳಿಕೊಂಡದ್ದು ಕಡಿಮೆ.

ಈ ಪ್ರಶ್ನೆ ಈಗ ತುರ್ತಾಗಿರುವುದಕ್ಕೆ ಕಾರಣವಿದೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದಲ್ಲಿ ಮೂರು ದಶಕಗಳಿಂದ ಇದ್ದ ಮಹಾದೇವಿ ಎಂಬ ಹೆಣ್ಣಾನೆಯನ್ನು ಗುಜರಾತಿನ ಜಾಮ್‌ನಗರದ ವನತಾರಾ ಎಂಬ ಖಾಸಗಿ ಪ್ರಾಣಿ ಆರೈಕೆ ಕೇಂದ್ರಕ್ಕೆ ಕಳಿಸಬೇಕೆಂದು 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆನೆಯ ಕಾಲು ಕೊಳೆತಿರುವುದು, ಕೀಲುಗಳು ಹಿಡಿದಿರುವುದು, ಉಗುರು ಅಡ್ಡಾದಿಡ್ಡಿ ಬೆಳೆದಿರುವುದು ನ್ಯಾಯಾಲಯದ ಮುಂದೆ ಬಂದವು. ಧಾರ್ಮಿಕ ಕಾರ್ಯಕ್ಕೆ ಆನೆಯನ್ನು ಬಳಸುವ ಮಠದ ಹಕ್ಕು ಮತ್ತು ಆನೆಯ ಹಿತ ಎದುರುಬದುರಾದಾಗ ಆನೆಯ ಹಿತವೇ ಮೇಲು ಎಂದು ಹೈಕೋರ್ಟ್ ಹೇಳಿತು. ಬೀಳ್ಕೊಡುವ ದಿನ ಊರಿಗೆ ಊರೇ ಅತ್ತಿತು. ಅನಂತರ ದೊಡ್ಡ ಪ್ರತಿಭಟನೆ ನಡೆಯಿತು, ಆನೆಯನ್ನು ಮರಳಿಸಬೇಕೆಂಬ ಕೂಗು ಗಡಿಯ ಈಚೆಗೂ ಕೇಳಿಸಿತು. ನಮ್ಮ ಕಡೆಯ ಚರ್ಚೆಯೂ ಆಗ ಎರಡೇ ಮಾತುಗಳ ಸುತ್ತ ಸುತ್ತಿತು: ಆನೆ ಯಾರದು, ಭಕ್ತರ ಭಾವನೆಗೆ ಬೆಲೆ ಇಲ್ಲವೇ. ಎರಡೂ ಪ್ರಾಮಾಣಿಕ ಪ್ರಶ್ನೆಗಳೇ. ಮೂವತ್ತು ವರ್ಷ ಕಣ್ಣೆದುರಿದ್ದ ಜೀವವನ್ನು ಕಳಿಸಿಕೊಟ್ಟವರ ದುಃಖವನ್ನು ಹಗುರವಾಗಿ ಕಾಣುವುದು ತಪ್ಪು. ಆದರೆ ಒಂದು ಊರಿನಲ್ಲಿ ಆನೆ ಇರಬಹುದೇ ಬೇಡವೇ ಎಂಬುದನ್ನು ಮೊದಲು ತೀರ್ಮಾನಿಸಬೇಕಾದದ್ದು ಆ ಆನೆಯ ದೇಹ ಮತ್ತು ಅದರ ಬಳಗದ ಅಗತ್ಯ. ಹಕ್ಕುಪತ್ರವಾಗಲಿ ಸಂಪ್ರದಾಯವಾಗಲಿ ಅದರ ನಂತರ ಬರಬೇಕು. ಆ ಕ್ರಮದಲ್ಲಿ ಯೋಚಿಸಿದರೆ ಕಲಬುರಗಿ, ಬೀದರ್, ಯಾದಗಿರಿಯಂಥ ಒಣ ಬಯಲಿನ ಊರುಗಳು ಒಂಟಿ ಆನೆಗೆ ತಕ್ಕ ಜಾಗಗಳಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ.

ಬಿಸಿಲಿನಿಂದಲೇ ಆರಂಭಿಸೋಣ. ಆನೆಗೆ ನಮ್ಮ ಹಾಗೆ ಮೈತುಂಬ ಬೆವರುವ ಶಕ್ತಿ ಇಲ್ಲ. ಅದರ ಬೆವರಿನ ಗ್ರಂಥಿಗಳಿರುವುದು ಕಾಲಿನ ಉಗುರುಗಳ ಸುತ್ತ ಮಾತ್ರ. ಎರಡೂವರೆ ಮೂರು ಟನ್ ತೂಗುವ ದೇಹ ಒಳಗೆ ಸದಾ ಶಾಖವನ್ನು ಹುಟ್ಟಿಸುತ್ತಿರುತ್ತದೆ. ಆದರೆ ದೇಹ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈಯ ವಿಸ್ತಾರ ಕಡಿಮೆಯಾಗುತ್ತ ಹೋಗುವುದರಿಂದ ಆ ಶಾಖ ಹೊರಹೋಗುವ ದಾರಿ ಕಿರಿದು. ಆ ಕೊರತೆಯನ್ನು ಆನೆ ಹಲವು ಉಪಾಯಗಳಿಂದ ತುಂಬಿಕೊಳ್ಳುತ್ತದೆ. ಕಿವಿಯ ಹಿಂಬದಿಯ ತೆಳು ಚರ್ಮದಡಿ ರಕ್ತನಾಳಗಳ ದಟ್ಟ ಜಾಲವಿದೆ. ಕಿವಿ ಬೀಸಿದಾಗ ಅಲ್ಲಿಯ ರಕ್ತ ತಣಿದು ಮೈಗೆ ಮರಳುತ್ತದೆ. ಚರ್ಮದ ಸುಕ್ಕುಗಳಲ್ಲಿ ನಿಂತ ನೀರು, ಕೆಸರು ನಿಧಾನವಾಗಿ ಆರುತ್ತ ಮೈಯನ್ನು ತಂಪಾಗಿಡುತ್ತವೆ. ಹೊಳೆಯಲ್ಲಿ ಮುಳುಗುವುದು, ಸೊಂಡಿಲಿನಿಂದ ನೀರೆರಚಿಕೊಳ್ಳುವುದು, ಬಳಿಕ ಮಣ್ಣು ತೂರಿಕೊಳ್ಳುವುದು ಇವೆಲ್ಲ ನೋಡುವವರಿಗೆ ಆಟದಂತೆ ಕಂಡರೂ ಆನೆಗೆ ಅವು ಉಸಿರಾಟದಷ್ಟೇ ಅಗತ್ಯ. ಹಗಲಿನಲ್ಲಿ ಹೊರಹಾಕಲಾಗದೆ ಉಳಿದ ಶಾಖ ತಂಪಾದ ರಾತ್ರಿಯಲ್ಲಿ ಹೊರಹೋಗಬೇಕು.

ಈ ಉಪಾಯಗಳಲ್ಲಿ ಎಷ್ಟು ನಮ್ಮ ಊರಿನ ಅಂಗಳದಲ್ಲಿ ಕಟ್ಟಿದ ಆನೆಗೆ ಸಿಗುತ್ತವೆ? ಕಿವಿ ಬೀಸುವುದೊಂದೇ ಅದರ ಕೈಯಲ್ಲಿದೆ. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾಗಿರುವಾಗ ಅದರಿಂದಲೂ ಪ್ರಯೋಜನ ಅಷ್ಟಕ್ಕಷ್ಟೆ, ಏಕೆಂದರೆ ಆನೆಯ ಮೈಶಾಖ ಸುಮಾರು 36 ಡಿಗ್ರಿ, ಮೇ ತಿಂಗಳ ಕಲಬುರಗಿಯ ಮಧ್ಯಾಹ್ನ ಅದಕ್ಕಿಂತ ಆರೇಳು ಡಿಗ್ರಿ ಮೇಲಿರುತ್ತದೆ. ಉಳಿಯುವುದು ನೀರು. ವಯಸ್ಕ ಆನೆ ದಿನಕ್ಕೆ ನೂರರಿಂದ ಇನ್ನೂರು ಲೀಟರ್ ಕುಡಿಯುತ್ತದೆ, ಮೈ ನೆನೆಸಲು ಬೇಕಾದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬೇಸಿಗೆಯಲ್ಲಿ ಮನೆ ಮನೆಯ ಮುಂದೆ ಕೊಡಗಳ ಸಾಲು ಟ್ಯಾಂಕರ್‌ಗೆ ಕಾಯುವ ಬಡಾವಣೆಗಳ ನಡುವೆ ಒಂದು ಆನೆಗೆ ದಿನವೂ ಅಷ್ಟು ನೀರನ್ನು ಯಾರು, ಎಲ್ಲಿಂದ ತರಬೇಕು? ಒಂದೆರಡು ದಿನ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿಯ ತಂಪೂ ಸುಲಭವಾಗಿ ಸಿಗುವುದಿಲ್ಲ. ಹಗಲೆಲ್ಲ ಕಾದ ಡಾಂಬರು, ಸಿಮೆಂಟು, ಕಲ್ಲಿನ ಗೋಡೆಗಳು ಸರಿರಾತ್ರಿಯವರೆಗೆ ಕಾವನ್ನು ಉಗುಳುತ್ತಲೇ ಇರುತ್ತವೆ.

ಇದಕ್ಕೆ ಒಂದು ಆಕ್ಷೇಪವನ್ನು ಹಲವರು ಎತ್ತುತ್ತಾರೆ, ಅದು ಉತ್ತರಿಸಬೇಕಾದ ಆಕ್ಷೇಪ. ಬಂಡೀಪುರದಲ್ಲೂ ಬೇಸಿಗೆ ಇಲ್ಲವೇ, ಆಫ್ರಿಕಾದ ನಮೀಬಿಯಾದಲ್ಲಿ ಮರುಭೂಮಿಯ ಅಂಚಿನಲ್ಲೇ ಆನೆಗಳು ಬದುಕುತ್ತಿಲ್ಲವೇ ಎಂದು. ನಿಜ, ಬದುಕುತ್ತವೆ. ಆದರೆ ಅಲ್ಲಿಯ ಆನೆ ಬಿಸಿಲೇರುವ ಮೊದಲೇ ನೆರಳು ಸೇರುತ್ತದೆ, ಸಂಜೆಯಾದ ಮೇಲೆ ನಡೆಯುತ್ತದೆ, ಒಂದು ಕೆರೆ ಬತ್ತಿದರೆ ಹತ್ತಾರು ಕಿಲೋಮೀಟರ್ ದೂರದ ಇನ್ನೊಂದು ನೀರಿಗೆ ಹೋಗುತ್ತದೆ, ಒಣಗಿದ ಹಳ್ಳದ ಮರಳನ್ನು ತೋಡಿ ಒರತೆ ತೆಗೆಯುತ್ತದೆ. ಬಿಸಿಲನ್ನು ಅದು ಗೆಲ್ಲುವುದು ಸಹಿಸುವ ಶಕ್ತಿಯಿಂದಲ್ಲ, ಎಲ್ಲಿರಬೇಕು ಯಾವಾಗಿರಬೇಕು ಎಂದು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯದಿಂದ. ಸರಪಳಿಯ ಉದ್ದ ಆ ಸ್ವಾತಂತ್ರ್ಯದ ಉದ್ದವೂ ಆದಾಗ ಹೋಲಿಕೆ ಅಲ್ಲಿಗೆ ಮುಗಿಯಿತು.

ಬಿಸಿಲಿಗಿಂತ ಹೆಚ್ಚು ಆನೆಗಳನ್ನು ಸೋಲಿಸುವುದು ನೆಲ. ಆನೆ ನಿಲ್ಲುವುದು ಬೆರಳ ತುದಿಯ ಮೇಲೆ. ಬೆರಳುಗಳ ಹಿಂದೆ ಕೊಬ್ಬು ಮತ್ತು ನಾರಿನ ದಪ್ಪ ಮೆತ್ತೆಯೊಂದಿದ್ದು, ಪ್ರತಿ ಹೆಜ್ಜೆಗೂ ಅದು ಹಿಗ್ಗಿ ಕುಗ್ಗುತ್ತದೆ. ಈ ರಚನೆ ಮಣ್ಣು, ಮರಳು, ಎಲೆಗಳ ಮೇಲೆ ದಿನಕ್ಕೆ ಹಲವಾರು ಕಿಲೋಮೀಟರ್ ನಡೆಯಲು ಹೇಳಿ ಮಾಡಿಸಿದ್ದು. ನಮ್ಮ ಭಾಗದ ಗುಡಿ, ಮಠ, ವಾಡೆಗಳ ಅಂಗಳದಲ್ಲಿ ಹಾಸಿರುವುದು ಶಹಾಬಾದಿನ ಪರಸಿ. ಮನೆಗೆ ಅದಕ್ಕಿಂತ ಒಳ್ಳೆಯ ಹಾಸುಗಲ್ಲು ಇಲ್ಲ, ಆನೆಗೆ ಅದಕ್ಕಿಂತ ಕೆಟ್ಟ ನೆಲ ಇಲ್ಲ. ಗಟ್ಟಿ ಕಲ್ಲಿನ ಮೇಲೆ ಗಂಟೆಗಟ್ಟಲೆ ಒಂದೇ ಕಡೆ ನಿಂತ ಕಾಲಿನ ಮೆತ್ತೆ ತೆಳುವಾಗುತ್ತದೆ, ನಡೆದು ಸವೆಯಬೇಕಾದ ಉಗುರು ಬೆಳೆದು ಸೀಳುತ್ತದೆ, ಆ ಸೀಳಿನಲ್ಲಿ ಮೂತ್ರ ಮತ್ತು ಲದ್ದಿಯ ತೇವ ಸೇರಿ ಕೀವು ಕಟ್ಟುತ್ತದೆ, ಕೊನೆಗೆ ನೋವು ಕೀಲಿಗೆ ಇಳಿಯುತ್ತದೆ. ಸೆರೆಯಲ್ಲಿರುವ ಆನೆಗಳ ವೈದ್ಯರು ಪ್ರಪಂಚದ ಎಲ್ಲ ಕಡೆಯೂ ಮೊದಲು ನೋಡುವುದು ಪಾದವನ್ನು, ಏಕೆಂದರೆ ಪಾದ ಕೆಟ್ಟ ಆನೆ ಮಲಗಲು ಹೆದರುತ್ತದೆ, ಮಲಗಿದರೆ ಏಳಲಾರದು. ಆ ಗಾತ್ರದ ಪ್ರಾಣಿ ನೆಲಕ್ಕೆ ಬಿದ್ದು ಬಹಳ ಹೊತ್ತಾದರೆ ತನ್ನ ತೂಕಕ್ಕೇ ತಾನು ಬಲಿಯಾಗುತ್ತದೆ.

ಆಹಾರದ ವಿಷಯದಲ್ಲಿ ನಮ್ಮವರ ಪ್ರೀತಿಯೇ ತೊಂದರೆ ಮಾಡುತ್ತದೆ. ಆನೆ ದಿನಕ್ಕೆ ಸುಮಾರು 150 ಕಿಲೋ ಮೇವನ್ನು, ಅದೂ ಹದಿನಾರು ಗಂಟೆಗಳ ಆಸುಪಾಸು ಮೇಯುತ್ತ, ತಿನ್ನುವ ಪ್ರಾಣಿ. ಹುಲ್ಲು, ಬಿದಿರು, ತೊಗಟೆ, ಬೇರು, ಎಲೆ ಹೀಗೆ ನಾರಿರುವ ನೂರಾರು ಬಗೆಯ ಗಿಡಗಳು ಅದರ ಊಟ. ತಿಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಜೀರ್ಣವಾಗುತ್ತದೆ. ಜೋಳದ ಕಣಕಿ ಮತ್ತು ಕಬ್ಬಿನ ಸೋಗೆ ನಮ್ಮಲ್ಲಿ ಸಿಗುತ್ತವೆ, ಆದರೆ ವರ್ಷವಿಡೀ ಹಸಿಯಾಗಿ ಅಲ್ಲ. ಭಕ್ತರು ಕೊಡುವುದು ಬಾಳೆಹಣ್ಣು, ಬೆಲ್ಲ, ಮಾಲ್ದಿ, ಅನ್ನ. ಸಕ್ಕರೆ ಹೆಚ್ಚಿ ನಾರು ಕಡಿಮೆಯಾದ ಊಟದಿಂದ ಮೈ ಬರುತ್ತದೆ, ಮೈ ಬಂದಷ್ಟೂ ಆ ಪಾದಗಳ ಮೇಲಿನ ಭಾರ ಏರುತ್ತದೆ, ಹೊಟ್ಟೆನೋವು ಬಂದಾಗ ನೋಡಬಲ್ಲ ವೈದ್ಯರು ಐದಾರು ನೂರು ಕಿಲೋಮೀಟರ್ ದೂರದಲ್ಲಿರುತ್ತಾರೆ. ಕ್ಷಯವೂ ಇದೆ: ಮನುಷ್ಯರಲ್ಲಿ ಟಿ.ಬಿ. ತರುವ ರೋಗಾಣುವೇ ಆನೆಗೂ ತಗಲುತ್ತದೆ, ಜನರ ನಡುವೆ ನಿಂತು ಸೊಂಡಿಲಿನಿಂದ ಆಶೀರ್ವದಿಸುವ ಆನೆಗೆ ಆ ಅಪಾಯ ಎರಡೂ ಕಡೆಯಿಂದ ಇರುತ್ತದೆ.

ಇಷ್ಟೆಲ್ಲವನ್ನು ಹಣವಿದ್ದವರು ಸರಿಪಡಿಸಬಹುದು. ಮಣ್ಣಿನ ನೆಲ ಮಾಡಬಹುದು, ಕೊಳ ಕಟ್ಟಬಹುದು, ಮೇವು ತರಿಸಬಹುದು, ವೈದ್ಯರನ್ನು ನೇಮಿಸಬಹುದು. ಒಂಟಿ ಆನೆಗೆ ಯಾವ ಶ್ರೀಮಂತ ಸಂಸ್ಥೆಯೂ ಕೊಡಲಾಗದ್ದು ಒಂದಿದೆ, ಅದು ಅದರ ಬಳಗ. ಈ ವಿಷಯದಲ್ಲಿ ನಮ್ಮ ಆಯ್ಕೆ ಎಷ್ಟು ಕ್ರೂರವಾಗಿ ಪರಿಣಮಿಸಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕೇರಳವನ್ನು ಬಿಟ್ಟರೆ ದಕ್ಷಿಣದ ದೇವಸ್ಥಾನ, ಮಠಗಳು ಸಾಮಾನ್ಯವಾಗಿ ಇಷ್ಟಪಡುವುದು ಹೆಣ್ಣಾನೆಯನ್ನು. ಕಾರಣ ಸ್ಪಷ್ಟ. ವಯಸ್ಸಿಗೆ ಬಂದ ಗಂಡಾನೆಗೆ ವರ್ಷಕ್ಕೊಮ್ಮೆ ಮದವೇರುತ್ತದೆ; ಕಣ್ಣು ಮತ್ತು ಕಿವಿಯ ನಡುವಿನ ಗ್ರಂಥಿಯಿಂದ ಮದಜಲ ಸುರಿಯುವ ಆ ವಾರಗಳಲ್ಲಿ ಮೈಯ ಹಾರ್ಮೋನುಗಳು ಹಲವು ಪಟ್ಟು ಏರಿ ಅದು ಪಳಗಿಸಿದ ಮಾವುತನ ಮಾತನ್ನೂ ಮೀರುತ್ತದೆ. ಹೆಣ್ಣಾನೆಗೆ ಆ ತೊಂದರೆ ಇಲ್ಲ, ಸೌಮ್ಯ, ಮಕ್ಕಳ ನಡುವೆಯೂ ನಿಲ್ಲುತ್ತದೆ. ಆದರೆ ಕಾಡಿನಲ್ಲಿ ಗಂಡು ಮತ್ತು ಹೆಣ್ಣಿನ ಬದುಕು ಬೇರೆ ಬೇರೆ. ಗಂಡು ಮರಿ ಹತ್ತು ಹದಿನೈದು ವರ್ಷಕ್ಕೆ ತಾಯಿಯ ಹಿಂಡನ್ನು ಬಿಟ್ಟು ತನ್ನ ದಾರಿ ಹಿಡಿಯುತ್ತದೆ, ಒಂಟಿತನ ಅದಕ್ಕೆ ಬದುಕಿನ ಒಂದು ಭಾಗ. ಹೆಣ್ಣು ಹಾಗೆ ಹೋಗುವುದೇ ಇಲ್ಲ. ತಾಯಿ, ಚಿಕ್ಕಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು ಎಂಬ ಬಳಗದಲ್ಲಿ ಹುಟ್ಟಿ, ಅರವತ್ತು ವರ್ಷದ ಆಯುಷ್ಯವನ್ನು ಅಲ್ಲೇ ಕಳೆದು, ಅಲ್ಲೇ ಸಾಯುತ್ತದೆ. ಹಿರಿಯ ಹೆಣ್ಣಾನೆ ನೀರು ಎಲ್ಲಿದೆ, ಯಾವ ಹಾದಿ ಸುರಕ್ಷಿತ ಎಂಬ ನೆನಪನ್ನು ಹೊತ್ತು ಹಿಂಡನ್ನು ನಡೆಸುತ್ತದೆ. ಅಂದರೆ ಸಾಕಲು ಸುಲಭ ಎಂದು ನಾವು ಆರಿಸಿ ತಂದ ಆನೆಯೇ ಒಂಟಿಯಾಗಿರಲು ಎಂದೂ ಹುಟ್ಟದ ಆನೆ.

ಆ ಬಳಗದ ಮಾತುಕತೆ ನಮ್ಮ ಕಿವಿಗೆ ಬೀಳುವುದು ಅರ್ಧ ಮಾತ್ರ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ಸಂಶೋಧಕಿಗೆ ಗಾಳಿಯಲ್ಲಿ ಒಂದು ಬಗೆಯ ಕಂಪನದ ಅನುಭವವಾಯಿತು. ಧ್ವನಿಮುದ್ರಿಸಿ ಪರಿಶೀಲಿಸಿದಾಗ ಮನುಷ್ಯರ ಶ್ರವಣಕ್ಕೆ ನಿಲುಕದ ತಗ್ಗಿನ ಸ್ವರದಲ್ಲಿ ಆನೆಗಳು ಮಾತಾಡಿಕೊಳ್ಳುತ್ತವೆ ಎಂಬುದು ತಿಳಿಯಿತು. ಅಂಥ ಸ್ವರ ಕಾಡಿನಲ್ಲಿ ಕಿಲೋಮೀಟರುಗಟ್ಟಲೆ ಸಾಗುತ್ತದೆ. ಥಾಯ್ಲೆಂಡಿನ ಆನೆಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಸಂಗತಿಯನ್ನು ದಾಖಲಿಸಿತು: ಒಂದು ಆನೆ ಬೆದರಿದಾಗ ಹತ್ತಿರದ ಆನೆಗಳು ಬಂದು ಸೊಂಡಿಲಿನಿಂದ ಅದರ ಮುಖವನ್ನು, ಬಾಯಿಯನ್ನು ಮುಟ್ಟಿ ಸಂತೈಸುತ್ತವೆ. ಈ ಕರೆಗೆ ಓಗೊಡುವ, ಹೀಗೆ ಮುಟ್ಟುವ ಇನ್ನೊಂದು ಆನೆ ನೂರಾರು ಕಿಲೋಮೀಟರ್ ಸುತ್ತಳತೆಯಲ್ಲಿ ಇಲ್ಲದ ಊರಿನಲ್ಲಿ, ಡಿಜೆ ಮತ್ತು ಪಟಾಕಿಯ ನಡುವೆ, ನಾವು ಆನೆಯನ್ನು ನಿಲ್ಲಿಸುತ್ತೇವೆ.

ಅದರ ಪರಿಣಾಮ ಕಣ್ಣಿಗೆ ಕಾಣುತ್ತದೆ, ಆದರೆ ನಾವು ಅದನ್ನು ತಪ್ಪಾಗಿ ಓದುತ್ತೇವೆ. ಜಾತ್ರೆಯಲ್ಲಿ ಹಲಗೆ, ಡೊಳ್ಳು ಮೊಳಗುವಾಗ ಝೂಲು ಹೊದ್ದ ಆನೆ ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತ, ಮುಂಗಾಲುಗಳ ಮೇಲೆ ಭಾರವನ್ನು ಆ ಕಡೆ ಈ ಕಡೆ ಬದಲಿಸುತ್ತ ನಿಂತಿರುತ್ತದೆ. ಸುತ್ತಲಿನವರು ಆನೆ ತಾಳ ಹಾಕುತ್ತಿದೆ ಎಂದು ಮಕ್ಕಳನ್ನು ಎತ್ತಿ ತೋರಿಸುತ್ತಾರೆ. ವಾದ್ಯ ನಿಂತ ಮೇಲೂ ಅಲ್ಲೇ ನಿಂತು ನೋಡಿದರೆ ತಿಳಿಯುತ್ತದೆ: ಆನೆ ಅದೇ ಲಯದಲ್ಲಿ, ಅಷ್ಟೇ ಅಗಲಕ್ಕೆ, ತೂಗುತ್ತಲೇ ಇರುತ್ತದೆ, ಜನ ಕರಗಿದ ಮೇಲೆ, ಮಾವುತ ಊಟಕ್ಕೆ ಹೋದ ಮೇಲೆ, ಮುಂದೆ ಮೇವು ಬಿದ್ದಿದ್ದರೂ ತೂಗುತ್ತಿರುತ್ತದೆ. ನಡುನಡುವೆ ಒಂದು ಪಾದವನ್ನು ಎತ್ತಿ ಉಗುರಿನ ತುದಿ ಮಾತ್ರ ನೆಲಕ್ಕೆ ತಾಗುವಂತೆ ಇಟ್ಟು ನಿಲ್ಲುತ್ತದೆ. ಗುರಿಯಿಲ್ಲದೆ ಮತ್ತೆ ಮತ್ತೆ ನಡೆಯುವ ಈ ಚಲನೆ ಸೆರೆಯಲ್ಲಿ ಬಳಲಿದ ಮನಸ್ಸಿನ ಗುರುತು ಎಂದು ಪ್ರಾಣಿವರ್ತನೆಯ ತಜ್ಞರು ಹೇಳುತ್ತಾರೆ, ಕಾಡಿನ ಆನೆಗಳಲ್ಲಿ ಅದು ಕಾಣುವುದಿಲ್ಲ. ಇದನ್ನು ಒಮ್ಮೆ ತಿಳಿದುಕೊಂಡವರಿಗೆ ಆ ತೂಗಾಟವನ್ನು ನೋಡಿ ಚಪ್ಪಾಳೆ ತಟ್ಟಲು ಮನಸ್ಸು ಬರುವುದಿಲ್ಲ.

ಸಾಕಿದ ಆನೆಗಳೆಲ್ಲ ಒಂದೇ ಎಂದು ತಿಳಿಯುವುದೂ ತಪ್ಪು. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಆಯುಷ್ಯವನ್ನು ಮ್ಯಾನ್ಮಾರ್‌ನಲ್ಲಿ ದಿಮ್ಮಿ ಎಳೆಯುವ ಆನೆಗಳ ಆಯುಷ್ಯದೊಂದಿಗೆ ಹೋಲಿಸಿತು. ಮೊದಲಿನವುಗಳ ಮಧ್ಯಕ ಆಯುಷ್ಯ, ಅಂದರೆ ಅರ್ಧದಷ್ಟು ಆನೆಗಳು ಮಾತ್ರ ದಾಟುವ ವಯಸ್ಸು, 18.9 ವರ್ಷ, ಎರಡನೆಯವುಗಳದು 41.7 ವರ್ಷ. ಎರಡೂ ಮನುಷ್ಯನ ವಶದಲ್ಲಿರುವ ಆನೆಗಳೇ, ಎರಡನೆಯವು ಮೈಮುರಿದು ದುಡಿಯುವವೂ ಹೌದು. ವ್ಯತ್ಯಾಸ ಇಷ್ಟೆ: ಮ್ಯಾನ್ಮಾರ್‌ನ ಆನೆಗಳನ್ನು ಕೆಲಸ ಮುಗಿದ ಮೇಲೆ ಕಾಡಿಗೆ ಬಿಡುತ್ತಾರೆ, ರಾತ್ರಿಯೆಲ್ಲ ಅವು ಬೇರೆ ಆನೆಗಳ ಜೊತೆ ಮೇಯುತ್ತವೆ, ಕಾಡಾನೆಗಳೊಂದಿಗೂ ಕೂಡುತ್ತವೆ. ನಮ್ಮದೇ ಸಕ್ರೆಬೈಲು, ದುಬಾರೆಯ ಬಿಡಾರಗಳಲ್ಲಿಯೂ ಸಂಜೆ ಆನೆಯನ್ನು ಕಾಡಿಗೆ ಅಟ್ಟಿ ಬೆಳಿಗ್ಗೆ ಕರೆತರುವ ಪದ್ಧತಿ ಇದೆ. ಶಿಬಿರಗಳ ಆನೆಗಳಿಗೂ ಸಂಕಟಗಳಿವೆ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಸೆರೆಯ ಕಾರ್ಯಾಚರಣೆಯ ನಡುವೆ ತಿವಿತಕ್ಕೆ ಸಿಕ್ಕಿ ಸತ್ತದ್ದನ್ನು ರಾಜ್ಯ ಮರೆತಿಲ್ಲ. ಆದರೂ ಕಾಡು, ಹೊಳೆ, ಜೊತೆ ಈ ಮೂರೂ ಅಲ್ಲಿವೆ. ಒಣ ಬಯಲಿನ ಊರಿನಲ್ಲಿ ಮೂರರಲ್ಲಿ ಒಂದೂ ಇಲ್ಲ.

ನಮ್ಮ ಬಯಲು ಹಿಂದೆ ಆನೆಗಳ ನಾಡಾಗಿತ್ತಲ್ಲ ಎಂದು ಕೆಲವರು ಇತಿಹಾಸವನ್ನು ಎತ್ತಿ ಹೇಳುತ್ತಾರೆ. ಆನೆಗಳ ರಾಜಧಾನಿಯಾಗಿತ್ತು, ಆನೆಗಳ ನಾಡಾಗಿರಲಿಲ್ಲ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆಯನ್ನು ಹಿಡಿಯುವ, ಪಳಗಿಸುವ, ಆರೈಕೆ ಮಾಡುವ ವಿವರಗಳು ಸಮೃದ್ಧವಾಗಿವೆ. ಆನೆ ಹುಟ್ಟುವ ಗಜವನಗಳನ್ನು ಆ ಗ್ರಂಥ ಹೆಸರು ಹಿಡಿದು ಹೇಳುತ್ತದೆ, ಅವುಗಳಲ್ಲಿ ಸೌರಾಷ್ಟ್ರ ಮತ್ತು ಪಂಚನದ, ಅಂದರೆ ಪಂಜಾಬ್ ಸೀಮೆ, ಸೇರಿವೆ. ಆ ಎರಡೂ ಕಡೆ ಇಂದು ಒಂದೂ ಕಾಡಾನೆ ಇಲ್ಲ. 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡು ಅನಂತರ ಬೀದರ್‌ಗೆ ಹೋದ ಬಹಮನಿ ಅರಸರ ಸೈನ್ಯದಲ್ಲೂ ಆನೆಗಳಿದ್ದವು, ಅವು ಬಂದದ್ದು ದೂರದ ಕಾಡುಗಳಿಂದ, ಕಪ್ಪವಾಗಿ, ಸೂರೆಯಾಗಿ. ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರ್ ಮಳೆ ಬೀಳುವ ತೊಗರಿ, ಜೋಳದ ಈ ಬಯಲಿನಲ್ಲಿ ಹಿಂಡನ್ನು ಸಾಕುವಷ್ಟು ಕಾಡು ಇಂದು ಇಲ್ಲ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಧಾಮದ ವಿಸ್ತೀರ್ಣ 134 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬಗಳಿಗೆ ಅದು ಅಮೂಲ್ಯ ಆಸರೆ, ಆನೆಯ ಹಿಂಡಿಗೆ ಸಾಲದು. ಹೊಸ ನಾಡುಗಳನ್ನು ಹುಡುಕಿ ಹೊರಟ ಗಂಡಾನೆಗಳು ಎಲ್ಲಿಗಾದರೂ ತಲುಪಬಲ್ಲವು ಎಂಬುದು ಬೇರೆ ಮಾತು. 2024ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಗಡ್ಚಿರೋಲಿ ಕಡೆಯ ಒಂದು ಆನೆ ಪ್ರಾಣಹಿತಾ ನದಿಯನ್ನು ದಾಟಿ ತೆಲಂಗಾಣದ ಆಸಿಫಾಬಾದ್ ಜಿಲ್ಲೆಗೆ ಬಂದು ಇಬ್ಬರು ರೈತರನ್ನು ಕೊಂದಿತು. ಆನೆಯೊಡನೆ ಬದುಕಿದ ನೆನಪೇ ಇಲ್ಲದ ಊರು ಅದು.

ಗಜವನಗಳ ಕಥೆಯಲ್ಲೇ ಇಂದಿನ ಸಂರಕ್ಷಣೆಯ ಮುಖ್ಯ ಪಾಠವಿದೆ. ಆನೆ ದನಕರುಗಳಂತೆ ಸಾಕುಪ್ರಾಣಿಯಾದದ್ದೇ ಇಲ್ಲ. ಸೆರೆಯಲ್ಲಿ ಅದರ ಸಂತಾನ ಕಡಿಮೆ, ಆದ್ದರಿಂದ ಸಾವಿರಾರು ವರ್ಷಗಳಿಂದ ಲಾಯ ತುಂಬಿದ್ದು ಕಾಡಿನಿಂದಲೇ. ಮೈಸೂರು ಸೀಮೆಯ ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾ 1971ರವರೆಗೂ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು, 1977ರಲ್ಲಿ ಆನೆ ಅದರ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಗೆ ಸೇರಿತು. ಇಂದು ದೇಶದಲ್ಲಿ ಸುಮಾರು 2,500 ಆನೆಗಳು ಸೆರೆಯಲ್ಲಿವೆ. ಒಂದು ಊರಿನಲ್ಲಿ ಆನೆ ಬೇಕು ಎಂಬ ಬೇಡಿಕೆ ಇದ್ದಷ್ಟು ಕಾಲ ಇನ್ನೆಲ್ಲೋ ಒಂದು ಮರಿಯನ್ನು ತಾಯಿಯಿಂದ ಬೇರ್ಪಡಿಸುವ ಆಸೆ ಯಾರಿಗಾದರೂ ಇರುತ್ತದೆ. ಆ ನಷ್ಟವನ್ನು ಕಾಡು ಬೇಗ ತುಂಬಿಕೊಳ್ಳಲಾರದು: ಆನೆಯ ಗರ್ಭ ಸುಮಾರು 22 ತಿಂಗಳು, ಎರಡು ಹೆರಿಗೆಗಳ ನಡುವೆ ನಾಲ್ಕೈದು ವರ್ಷ. ಒಂದು ಹೆಣ್ಣು ಮರಿಯನ್ನು ತೆಗೆದರೆ ಅದು ಹೆರಬಹುದಾಗಿದ್ದ ಮರಿಗಳನ್ನೂ ತೆಗೆದಂತೆ.

ಸಂಖ್ಯೆಗಳೂ ನೆಮ್ಮದಿ ಕೊಡುವಂತಿಲ್ಲ. 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಅಂದಾಜಿನ ಪ್ರಕಾರ ದೇಶದಲ್ಲಿರುವ ಕಾಡಾನೆಗಳು 22,446. ಅವುಗಳಲ್ಲಿ ಕರ್ನಾಟಕದ ಪಾಲು 6,013, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಲದ್ದಿಯ ಮಾದರಿಗಳಿಂದ ಒಂದೊಂದು ಆನೆಯ ಗುರುತು ಹಿಡಿದು ಲೆಕ್ಕ ಹಾಕುವ ಈ ವಿಧಾನ ಹಳೆಯ ಎಣಿಕೆಗಿಂತ ಬೇರೆಯಾದ್ದರಿಂದ, 2017ರ 29,964ಕ್ಕೆ ಇದನ್ನು ಹೋಲಿಸಿ ಏಳು ಸಾವಿರ ಆನೆ ಸತ್ತವು ಎನ್ನುವುದು ಸರಿಯಲ್ಲ. ಆದರೆ ನಾವು ಎಣಿಸಿಕೊಂಡಿದ್ದಕ್ಕಿಂತ ಆನೆಗಳು ಕಡಿಮೆ ಇವೆ ಎಂಬುದಂತೂ ಸತ್ಯ. ರಾಜ್ಯದ ಅರಣ್ಯ ಖಾತೆಯನ್ನು 2023ರಲ್ಲಿ ವಹಿಸಿಕೊಂಡ ಈಶ್ವರ ಖಂಡ್ರೆ ಬೀದರ್ ಜಿಲ್ಲೆಯ ಭಾಲ್ಕಿಯವರು. ಹಾಸನ, ಕೊಡಗಿನ ಆನೆ-ಮಾನವ ಸಂಘರ್ಷ ಅವರ ಮೇಜಿನ ಮೇಲಿನ ದೊಡ್ಡ ಕಡತ, ಅದು ಸಹಜ. ತಮ್ಮದೇ ಭಾಗದ ಸೆರೆಯಾನೆಯ ಪ್ರಶ್ನೆ ಚಿಕ್ಕದಾದರೂ ಬೇಗ ಬಗೆಹರಿಯಬಲ್ಲದ್ದು ಎಂಬುದನ್ನು ಈ ಭಾಗದ ಜನರೇ ಅವರಿಗೆ ಹೇಳಬೇಕು.

ಕಾನೂನು ಏನು ಹೇಳುತ್ತದೆ? 2022ರ ತಿದ್ದುಪಡಿಯ ಮೂಲಕ ಸಂಸತ್ತು ವನ್ಯಜೀವಿ ಕಾಯ್ದೆಯ 43ನೇ ಕಲಮಿಗೆ ಒಂದು ವಿನಾಯಿತಿ ಸೇರಿಸಿತು. ಮಾಲೀಕತ್ವ ಪ್ರಮಾಣಪತ್ರ ಇರುವವರು ಧಾರ್ಮಿಕ ಅಥವಾ ಇನ್ನಾವುದೇ ಉದ್ದೇಶಕ್ಕೆ ಆನೆಯನ್ನು ವರ್ಗಾಯಿಸಬಹುದು, ಸಾಗಿಸಬಹುದು. ಅದಕ್ಕೆ ಬೇಕಾದ ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು. ಮಾಲೀಕರಿಗೆ ಸಾಕಲಾಗದಿದ್ದರೆ, ಅಥವಾ ಹೊಸ ಜಾಗದಲ್ಲಿ ಆನೆಗೆ ಹೆಚ್ಚಿನ ಆರೈಕೆ ಸಿಗುವಂತಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರು ವರ್ಗಾವಣೆಗೆ ಒಪ್ಪಿಗೆ ಕೊಡಬಹುದು. ಅರಣ್ಯಾಧಿಕಾರಿಗಳು ವಸತಿಯನ್ನು ಪರಿಶೀಲಿಸಬೇಕು, ಪಶುವೈದ್ಯರು ಆರೋಗ್ಯವನ್ನು ನೋಡಬೇಕು, ಆನೆಯ ವಂಶವಾಹಿ ವಿವರ ದಾಖಲಾಗಬೇಕು. ‘ಇನ್ನಾವುದೇ ಉದ್ದೇಶ’ ಎಂಬ ಮಾತು ವ್ಯಾಪಾರಕ್ಕೆ ಕಳ್ಳಗಿಂಡಿಯಾಗುತ್ತದೆ ಎಂಬ ಆತಂಕ ಆಗಲೇ ವ್ಯಕ್ತವಾಗಿತ್ತು. ಅದು ಆಧಾರವಿಲ್ಲದ ಆತಂಕ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಕಾಯ್ದೆಯ 42ನೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಪ್ರಮಾಣಪತ್ರ ಕೊಡುವ ಮೊದಲು ವಸತಿ, ಪೋಷಣೆಗೆ ಸಾಕಷ್ಟು ವ್ಯವಸ್ಥೆ ಇದೆಯೇ ಎಂಬುದನ್ನು ಅಧಿಕಾರಿ ಖಚಿತಪಡಿಸಿಕೊಳ್ಳಬೇಕು. ‘ಸಾಕಷ್ಟು’ ಎಂಬುದರ ಅಳತೆ ಶಿವಮೊಗ್ಗಕ್ಕೂ ಕಲಬುರಗಿಗೂ ಒಂದೇ ಆಗಲಾರದು. ನಮ್ಮ ಭಾಗದಲ್ಲಿ ಈ ಪರಿಶೀಲನೆ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಆನೆ ನಿಂತಿರುವ ನೆಲಕ್ಕೆ ಉಷ್ಣಮಾಪಕ ಇಟ್ಟು ನಡೆಯಬೇಕು. ಡಿಸೆಂಬರಿನ ತಂಪಿನಲ್ಲಿ ಬಂದು ಗುಂಪಿಗೆ ಕೈಮುಗಿದು ಸಹಿ ಹಾಕಿ ಹೋಗುವುದು ಪರಿಶೀಲನೆಯಲ್ಲ.

ಮೆರವಣಿಗೆಗೆಂದು ಒಂದೆರಡು ದಿನಕ್ಕೆ ಆನೆ ತರಿಸುವ ಪದ್ಧತಿಯನ್ನು ಜಾತ್ರಾ ಸಮಿತಿಗಳು ತಾವಾಗಿಯೇ ಬಿಡಬಹುದು, ಅದಕ್ಕೆ ಯಾವ ಕೋರ್ಟಿನ ಆದೇಶವೂ ಬೇಕಿಲ್ಲ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುವುದು ತೇರಿಗಾಗಿ, ಅದರ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆದು ಕೈಮುಗಿಯುವುದಕ್ಕಾಗಿ. ಬಂದೇನವಾಜರ ಉರುಸಿಗೆ ಜನ ಬರುವುದು ಸಂದಲ್ ಮೆರವಣಿಗೆಗಾಗಿ. ಪುರವಂತರ ಒಡಪು, ನಂದಿಕೋಲು, ಡೊಳ್ಳು, ಹಲಗೆ ಇರುವ ನಾಡಿನ ಉತ್ಸವಕ್ಕೆ ಕಳೆಯ ಕೊರತೆ ಎಂದೂ ಆಗಿಲ್ಲ. ಆನೆಯ ರೂಪವೇ ಬೇಕೆನ್ನುವವರಿಗೆ ಯಾಂತ್ರಿಕ ಆನೆಯ ದಾರಿಯೂ ಇದೆ. ಆನೆಯಿಲ್ಲದೆ ಉತ್ಸವವನ್ನೇ ಊಹಿಸದ ಕೇರಳದ ತ್ರಿಶೂರ್ ಜಿಲ್ಲೆಯ ಇರಿಞ್ಞಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನ 2023ರ ಫೆಬ್ರುವರಿಯಲ್ಲಿ ಕಿವಿ ಬೀಸುವ, ಸೊಂಡಿಲು ಎತ್ತುವ ಅಂಥ ಆನೆಯನ್ನು ಸೇವೆಗೆ ತೆಗೆದುಕೊಂಡಿತು, ಅನಂತರ ಕರ್ನಾಟಕದ ಮಠಗಳಲ್ಲಿಯೂ ಅದು ಕಾಣಿಸಿಕೊಂಡಿದೆ.

ಈಗಾಗಲೇ ಊರುಗಳಲ್ಲಿರುವ ಆನೆಗಳ ವಿಷಯ ಇಷ್ಟು ಸುಲಭವಲ್ಲ. ದಶಕಗಳ ಕಾಲ ಮನುಷ್ಯರೊಡನೆ ಬದುಕಿದ ಆನೆಯನ್ನು ಕಾಡಿಗೆ ಬಿಟ್ಟರೆ ಅದು ಉಳಿಯುವುದು ಕಷ್ಟ. ಸಾವಿರ ಕಿಲೋಮೀಟರಿಗೂ ಮೀರಿದ ಲಾರಿ ಪ್ರಯಾಣ ಮಾಡಿಸಿ ಇನ್ನೊಂದು ರಾಜ್ಯದ ಖಾಸಗಿ ಕೇಂದ್ರಕ್ಕೆ ಕಳಿಸುವುದೊಂದೇ ದಾರಿ ಎಂದಾದಾಗ ಜನರ ವಿರೋಧ ಹೆಚ್ಚುವುದು ಸಹಜ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಸರಪಳಿ ಇಲ್ಲದೆ ಆನೆಗಳನ್ನು ಜೊತೆಯಾಗಿ ಇರಿಸುವ ಆರೈಕೆ ಕೇಂದ್ರವೊಂದು ನಡೆಯುತ್ತಿದೆ. ಅಂಥದ್ದು ರಾಜ್ಯದ ಮಲೆನಾಡಿನ ಅಂಚಿನಲ್ಲಿ, ನೀರಿರುವ ಕಡೆ, ಸರ್ಕಾರದ ಹೊಣೆಯಲ್ಲಿ ಇನ್ನೊಂದೆರಡು ಬೇಕು. ಮಠ ಅಥವಾ ದೇವಸ್ಥಾನ ಆನೆಯನ್ನು ಅಲ್ಲಿಗೆ ಒಪ್ಪಿಸಿದ ಮೇಲೂ ಅದರ ಹೆಸರಿನಲ್ಲಿ ಮೇವಿನ ಸೇವೆ ಸಲ್ಲಿಸುವ, ಭಕ್ತರು ಹೋಗಿ ದೂರದಿಂದ ನೋಡಿ ಬರುವ ಅವಕಾಶ ಇದ್ದರೆ ಸಂಬಂಧ ಕಡಿದುಹೋಗುವುದಿಲ್ಲ. ಮಾವುತನನ್ನಂತೂ ಆನೆಯಿಂದ ಬೇರ್ಪಡಿಸಬಾರದು. ಅವನ ದನಿ, ಅವನ ಕೈ ಆನೆಗೆ ಉಳಿದಿರುವ ಒಂದೇ ಪರಿಚಯ. ಆನೆ ಹೋದ ಮಾರನೆಯ ದಿನ ಅವನ ಕೂಳೂ ಹೋಗುತ್ತದೆ. ವರ್ಗಾವಣೆಯ ಆದೇಶದಲ್ಲಿಯೇ ಮಾವುತ ಮತ್ತು ಅವನ ಸಹಾಯಕನಾದ ಕಾವಾಡಿಗೆ ಹೊಸ ಕೇಂದ್ರದಲ್ಲಿ ಕೆಲಸ, ಮನೆ, ವಯಸ್ಸಾದವರಿಗೆ ಪಿಂಚಣಿ ಎಂಬ ಷರತ್ತು ಸೇರಬೇಕು, ಅದರ ಖರ್ಚನ್ನು ಇಷ್ಟು ವರ್ಷ ಆನೆಯ ಹೆಸರಿನಲ್ಲಿ ಕಾಣಿಕೆ ಪಡೆದ ಸಂಸ್ಥೆಯೂ ಸರ್ಕಾರವೂ ಹಂಚಿಕೊಳ್ಳಬೇಕು.